ನಡುಗೋಡೆಯ ಕಪಾಟು

ಸಿಂದಗಿಯ ಖಂಡೆಪ್ಪ ಮಾಸ್ತರರ ಮನೆಗೆ ಆ ರವಿವಾರ ಬೆಳಿಗ್ಗೆ ಒಂಬತ್ತಕ್ಕೆ ಟೆಂಪೋದಲ್ಲಿ ಅಡಿಗೆಮನೆಯ ಕಪಾಟು ಬಂದವು. ಒಂಬತ್ತೂವರೆಗೆ ಮಾಸ್ತರರ ಮಾನಕ್ಕೆ ಕುತ್ತು ಬಂತು. ಕಾರಣ ದೊಡ್ಡದೇನಲ್ಲ. ಕಪಾಟು ಕೂಡಿಸಲು ಪಕ್ಕದ ಇಂಡಿ ಊರಿನಿಂದ ಬಂದಿದ್ದ ಜುಲ್ಫಿಕರ ಚೀಲದಿಂದ ಮುಷ್ಟಿಗಾತ್ರದ ಯಂತ್ರವೊಂದನ್ನು ತೆಗೆದು ಗುಂಡಿ ಒತ್ತಿದ. ನೆಲದ ಮೇಲೆ ಕೆಂಪು ಬೆಳಕಿನ ನೇರ ಗೆರೆ ಬಿತ್ತು. ಅದರ ಪಕ್ಕದಲ್ಲಿ ಮಾಸ್ತರರ ಗೋಡೆ ಕುಡಿದು ಮನೆಗೆ ಹೊರಟವನ ಹಾಗೆ ಕಂಡಿತು.

"ಸರ್ರ, ನಿಮ್ಮ ಗ್ವಾಡಿ ಸೊಟ್ಟ ಐತ್ರಿ," ಎಂದ ಜುಲ್ಫಿಕರ.

"ಹಳೇ ಮನಿ ನೋಡಪ. ಅಷ್ಟಿಷ್ಟು ಇರತೈತಿ."

"ಅಷ್ಟಿಷ್ಟ ಅಲ್ರಿ. ಕಪಾಟ ಈ ಗೆರಿಗುಂಟ ಇಟ್ರ ಹಿತ್ತಲ ಕಡಿ ಗ್ವಾಡಿಗಿ ಹತ್ತತೈತಿ. ಈ ತುದಿಗಿ ಬರೂದ್ರಾಗ ಏಳು ಇಂಚು ಸಂದಿ! ಗ್ವಾಡಿ ಹಂಗ ನಿಮ್ಮ ಅಣ್ಣಾರ ಮನಿ ಕಡಿ ಸರಕೋಂತ ಹೋಗೇತಿ. ಯಾರ್ ಕಟ್ಟ್ಯಾರ್ರಿ ಇದನ್ನ?"

ಗೋಡೆ ಯಾಕೆ ಸೊಟ್ಟ ಎಂಬುದು ಕಟ್ಟಿದ ಗೌಂಡಿಗಿಂತ ಚೆನ್ನಾಗಿ ಮಾಸ್ತರರಿಗೇ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಅಣ್ಣ ಶಂಕ್ರೆಪ್ಪನಿಗೂ ಅವರಿಗೂ ವಾಟ್ನಿ ಆಗಿ ಮನೆ ಪಾಲಾಗಿತ್ತು. ಇಪ್ಪತ್ತು ಅಡಿ ಅಗಲದ ಮನೆ, ತಲಾ ಹತ್ತು ಅಡಿ, ನಟ್ಟನಡುವೆ ಗೋಡೆ. ಗೌಂಡಿ ಮುಂಬಾಗಿಲ ಹತ್ತಿರ ಒಂದು ಗೂಟ, ಹಿತ್ತಲಲ್ಲಿ ಒಂದು ಗೂಟ ಬಡಿದು ನಡುವೆ ದಾರ ಬಿಗಿದು ಊಟಕ್ಕೆ ಹೋದ. ಅಣ್ಣನೂ ಚಹಾ ಕುಡಿಯಲು ಎದ್ದ. ಅಷ್ಟೇ ಸಾಕಾಯಿತು. ಮಾಸ್ತರರು ಮುಂದಿನ ಗೂಟ ಕಿತ್ತು ಅಣ್ಣನ ಕಡೆಗೆ ಒಂದು ಗೇಣು ಒಳಗೆ ಬಡಿದರು. ಒಂದೇ ಗೇಣು. ಅದಕ್ಕಿಂತ ಹೆಚ್ಚು ಸರಿಸಿದ್ದರೆ ಅದು ಮೋಸವಾಗುತ್ತಿತ್ತು, ತಾವು ಅಂಥವರಲ್ಲ ಎಂದು ತಮಗೆ ತಾವೇ ಪ್ರಮಾಣಪತ್ರವನ್ನೂ ಕೊಟ್ಟುಕೊಂಡರು.

ಅಂದಿನಿಂದ ಆ ಮನೆಯೊಳಗೆ ಟೇಪು ಕಾಲಿಟ್ಟಿರಲಿಲ್ಲ. ಕಿಟಕಿ ಪರದೆ ಹೊಲಿಸುವಾಗಲೂ ಹೆಂಡತಿಯ ಸೀರೆ ಹಿಡಿದು ಅಂದಾಜು ನೋಡಿದ್ದರು. ಈ ಕಪಾಟುಗಳ ಅಳತೆಯನ್ನೂ ಗೋಡೆಗುಂಟ ಹೆಜ್ಜೆ ಹಾಕಿ ಹತ್ತು ಅಡಿ ಎಂದು ಫೋನಿನಲ್ಲಿ ಹೇಳಿದ್ದರು. ಸಾಲೆಯಲ್ಲಿ ಮಾತ್ರ ಮಕ್ಕಳಿಗೆ ಪ್ರಾಮಾಣಿಕತೆಯ ಪಾಠವನ್ನು ಎಷ್ಟು ಮನಮುಟ್ಟುವಂತೆ ಹೇಳುತ್ತಿದ್ದರೆಂದರೆ, ಊರಲ್ಲಿ ಯಾರ ಜಗಳ ಬಂದರೂ "ಮಾಸ್ತರ್ನ ಕೇಳ್ರಿ" ಎನ್ನುತ್ತಿದ್ದರು. ಆ ಹೆಸರೆಲ್ಲ ಈಗ ಈ ಕೆಂಪು ಗೆರೆಗೆ ಸಿಕ್ಕು ನೇತಾಡುತ್ತಿತ್ತು.

"ಎಲ್ಲಿಂದ ಸೊಟ್ಟ ಬಂದೈತಿ ಅಂತ ಮುಂಬಾಗಲದಿಂದ ಟೇಪ್ ಹಿಡದ್ ಬಿಡೂಣ್ರಿ," ಎಂದ ಜುಲ್ಫಿಕರ.

"ಟೇಪ್ ಬ್ಯಾಡ!" ಮಾಸ್ತರರು ಚೇಳು ಕಡಿದವರಂತೆ ಕೂಗಿದರು. ಕೂಡಲೇ ದನಿ ಇಳಿಸಿ, "ಅಲ್ಲಪ, ಗ್ವಾಡಿ ಹ್ಯಾಂಗ ಐತಿ ಹಂಗ ಒತ್ತಿ ಕೂಡಿಸಿಬಿಡು," ಎಂದರು.

ಹೆಂಡತಿ ಭುವನೇಶ್ವರಿ ಅಂಗಳದಿಂದ ಬಂದಳು. ಪಾತ್ರೆ ಪಡಗವೆಲ್ಲ ಬೆಳಗಿನಿಂದ ಅಂಗಳದಲ್ಲೇ ಬಿದ್ದಿದ್ದವು. "ರೀ, ಬಾಗೇವಾಡಿಯಿಂದ ನಮ್ಮಕ್ಕ ಐದರ ಬಸ್ಸಿಗಿ ಬರಾಕತ್ತಾಳ. ತನ್ನ ಕಪಾಟಿನ ಫೋಟೋ ಕಳಿಸಿ ಕಳಿಸಿ ನನ್ನ ಜೀವಾ ತಿಂದಾಳ. ಇವತ್ತ ಆಗಲಿಲ್ಲಂದ್ರ ನಾ ಆಕಿ ಕೂಡ ಬಸ್ ಹತ್ತಾಕಿ ನೋಡ್ರಿ!"

ಒತ್ತಿ ಕೂಡಿಸಿದ್ದಾಯಿತು. ಕೆಳಗಿನ ಕಪಾಟಿನ ಖಾನೆ ಎಳೆದರೆ ಅದು ಗ್ಯಾಸಿನ ಕಟ್ಟೆಗೆ ಬಡಿದು ನಿಂತಿತು. ಒಂದು ಚಮಚ ತೆಗೆಯುವಷ್ಟು ಬಾಯಿ ಬಿಟ್ಟಿತ್ತು, ಲಟ್ಟಣಿಗೆಗೆ ದಾರಿ ಇರಲಿಲ್ಲ. ಮೇಲಿನದಕ್ಕೆ ತೂತು ಹಾಕಹೋದರೆ ಗೋಡೆಯ ಹೊಟ್ಟೆಯಿಂದ ತೆಂಗಿನಕಾಯಿಯಷ್ಟು ಮಣ್ಣು ಉದುರಿತು. ಕಪಾಟು ಒಂದೇ ಸ್ಕ್ರೂಗೆ ಜೋತುಬಿದ್ದು, ಮಾಸ್ತರರ ತಲೆಯ ಮೇಲೊಂದು ಬಾಗಿಲು ಬಿಟ್ಟು, ಧಡಾರೆಂದು ಕೆಳಗೆ ಕೂತಿತು.

ಸದ್ದಿಗೆ ಎದುರು ಮನೆಯ ಅಪ್ಪಾಸಾಬ ಓಡಿ ಬಂದ. ರಸ್ತೆ ಕೆಲಸದ ಮೇಲ್ವಿಚಾರಕನಾಗಿ ನಿವೃತ್ತನಾದವ. ಈಗ ಓಣಿಯಲ್ಲಿ ಯಾರೇ ಇಟ್ಟಿಗೆ ಎತ್ತಿದರೂ ಅದರ ಮೇಲ್ವಿಚಾರಣೆಯನ್ನು ಪುಕ್ಕಟೆಯಾಗಿ ಮಾಡುವಷ್ಟು ಉದಾರಿ. ಒಂದು ಕಣ್ಣು ಮುಚ್ಚಿ, ಗೋಡೆಗುಂಟ ಇನ್ನೊಂದು ಕಣ್ಣು ಹಾಯಿಸಿದ.

"ಮಾಸ್ತರ, ದಾರ ಹಿಡದ ಕಟ್ಟಿದ ಗ್ವಾಡಿ ಹಿಂಗ ಆಗೂದ ಇಲ್ಲ. ಯಾರೋ ಗೂಟ ಸರಿಸ್ಯಾರ."

"ಛೇ ಛೇ! ಎರಿ ಭೂಮಿರಿ ಇದು. ಬ್ಯಾಸಗ್ಯಾಗ ಬಿರೀತೈತಿ, ಮಳಿಗಾಲದಾಗ ಉಬ್ಬತೈತಿ. ಗ್ವಾಡಿ ತಾನ ಸರೀತೈತಿ."

"ಸರದ್ರ ಬರೇ ನಿಮ್ಮ ಅಣ್ಣನ ಕಡಿನ ಯಾಕ ಸರೀತೈತಿ? ಭೂಮಿಗೂ ಪಕ್ಷಪಾತ ಐತೇನು?" ಎಂದ ಅಪ್ಪಾಸಾಬ, ಮಾಸ್ತರರು ಬಾಯಿ ತೆರೆಯುವುದರೊಳಗೆ ಹೊರಗೆ ಹೋಗಿ ಕೂಗಿಯೇ ಬಿಟ್ಟ: "ಏ ಶಂಕ್ರೆಪ್ಪಾ! ನಡುಗ್ವಾಡಿ ಸೊಟ್ಟ ಐತಂತ, ಬಾರೋ ಇಲ್ಲಿ, ಅಳದ ನೋಡೂಣು!"

ಶಂಕ್ರೆಪ್ಪ ಬಂದ. ಹಿಂದಿಂದೆ ಓಣಿಯ ಅರ್ಧ ಜನವೂ ಬಂದರು. ರವಿವಾರ, ಮಾಡಲು ಬೇರೆ ಕೆಲಸವೇನಿರಲಿಲ್ಲ. ಅಣ್ಣ ತಮ್ಮ ವಾಟ್ನಿಯಾದಂದಿನಿಂದ ಹಬ್ಬಕ್ಕೊಂದು ಮಾತು ಆಡುತ್ತಿದ್ದರು. ಶಂಕ್ರೆಪ್ಪ ಕೆಂಪು ಗೆರೆಯನ್ನು ನೋಡಿದ, ಗೋಡೆಯನ್ನು ನೋಡಿದ, ಹೆಗಲ ಟಾವೆಲ್ಲಿನಿಂದ ಮುಖ ಒರೆಸಿಕೊಂಡ.

ಜುಲ್ಫಿಕರ ಸರ್ರನೆ ಟೇಪು ಎಳೆದ. ಮಾಸ್ತರರು ತಡೆದುಕೊಳ್ಳದೆ ಹೋಗಿ ಅಣ್ಣನ ಎರಡೂ ಕೈ ಹಿಡಿದುಕೊಂಡರು.

"ಅಣ್ಣಾ, ಅಳಸಬ್ಯಾಡ! ಮುಂದಿನ ಗೂಟ ನಾನ ಸರಿಸಿದ್ದು. ಒಂದ ಗೇಣ. ತಪ್ಪಾತು, ಹೊಟ್ಯಾಗ ಹಾಕೋ!"

ಜನ "ಹೋ!" ಎಂದರು. ಬಾಗಿಲಲ್ಲಿದ್ದ ಭುವನೇಶ್ವರಿ ಸೆರಗು ಬಾಯಿಗಿಟ್ಟುಕೊಂಡಳು. ಶಂಕ್ರೆಪ್ಪ ತಮ್ಮನ ಕಡೆ ಬಾಗಿದ.

"ಮುಂದಿನ ಗೂಟ?"

"ಹೌದಣ್ಣಾ."

"ಬರೇ ಮುಂದಿಂದು?"

"ದೇವರಾಣಿ, ಬರೇ ಮುಂದಿಂದು."

ಶಂಕ್ರೆಪ್ಪನ ಬೆನ್ನು ನೆಟ್ಟಗಾಯಿತು. "ಸಾಲಿ ಮಾಸ್ತರ ನೀನು," ಎಂದ, ಎಲ್ಲರಿಗೂ ಕೇಳುವಂತೆ. "ಆತು ಬಿಡು. ಒಡಹುಟ್ಟಿದಾಂವ. ನನಗ ಗ್ವಾಡಿ ಕೆಡವೂದೂ ಬ್ಯಾಡ, ಅಳಿಯೂದೂ ಬ್ಯಾಡ."

ಎಂಥಾ ಮನುಷ್ಯ! ಮಾಸ್ತರರ ಕಣ್ಣಲ್ಲಿ ನೀರು ಬಂತು. ಅಪ್ಪಾಸಾಬನಿಗೆ ಮಾತ್ರ ಇಷ್ಟು ಚೆಂದದ ಜಗಳ ಇಷ್ಟು ಲಗೂನೆ ಮುಗಿಯುವುದು ಸರಿಬರಲಿಲ್ಲ.

"ಹಂಗಂದ್ರ ಹ್ಯಾಂಗ? ಹನ್ನೊಂದ ವರ್ಷ ಅಣ್ಣನ ಜಾಗಾ ತಿಂದೀರಿ. ಏನರ ಕೊಡಬೇಕಲ್ಲ?"

"ನನಗೇನೂ ಬ್ಯಾಡ್ರಿ," ಎಂದ ಶಂಕ್ರೆಪ್ಪ. ಅವನ ಕಣ್ಣು ಕೆಳಗೆ ಕೂತಿದ್ದ ಕಪಾಟಿನ ಮೇಲೆ ಹೋಗಿ ನಿಂತಿತು. "ಇವು ಅಂತೂ ಇಲ್ಲಿ ಕೂಡಾಂಗಿಲ್ಲ. ತಮ್ಮನ ಮನಸಿಗಿ ಸಮಾಧಾನ ಆಗ್ತೈತಿ ಅಂದ್ರ, ನಮ್ಮ ಕಡಿ ಒಯ್ತೇನಿ. ಮತ್ತ ಒಂದ ಮಾತು. ಈ ಗ್ವಾಡಿ ಸುದ್ದಿ ಇಲ್ಲಿಗಿ ಮುಗೀಲಿ. ಇನ್ನ ಮ್ಯಾಲ ಯಾರೂ ಇದನ್ನ ಅಳೀಬಾರ್ದು, ಜಾಗಾ ಕೇಳಬಾರ್ದು. ಅಷ್ಟ ಬರದ ಕೊಟ್ರ ಸಾಕು."

"ಅಣ್ಣ ಅಂದ್ರ ಹಿಂಗಿರಬೇಕು!" ಎಂದು ಅಪ್ಪಾಸಾಬ ತಾನೇ ಕಾಗದ ಬರೆದ. ಮಾಸ್ತರರು ಓದದೆಯೇ ಸಹಿ ಹಾಕಿದರು. ಇಷ್ಟರಲ್ಲೇ ಪಾರಾದೆನಲ್ಲ ಎಂಬ ಸಂತೋಷಕ್ಕೆ ಹೆಸರಿನ ಕೆಳಗೆ ಎರಡು ಗೆರೆಯನ್ನೂ ಎಳೆದರು. ಭುವನೇಶ್ವರಿ ಅಂಗಳದ ಪಾತ್ರೆಗಳನ್ನು ಒಂದೊಂದಾಗಿ ಒಳಗೆ ತಂದು ಕುಕ್ಕತೊಡಗಿದಳು. ಆ ಒಂದೊಂದು ಸದ್ದೂ ಮಾಸ್ತರರಿಗೆ ಬೈಗುಳದಂತೆ ಕೇಳುತ್ತಿತ್ತು.

ಸಂಜೆ ಐದಕ್ಕೆ ಜುಲ್ಫಿಕರ ಬಿಟ್ಟುಹೋಗಿದ್ದ ಚೀಲ ತೆಗೆದುಕೊಳ್ಳಲು ಬಂದ. ಮುಖದಲ್ಲಿ ಕೆಲಸ ಗೆದ್ದ ಕಳೆ.

"ಮಸ್ತ್ ಕೂತಾವ್ರಿ ಸರ್ರ! ನಿಮ್ಮ ಅಣ್ಣಾರ ಅಡಗಿಮನಿ ಭಾಳ ಐಸಪೈಸ ಐತಿ. ಹಿತ್ತಲ ಗ್ವಾಡಿಗುಂಟ ಹತ್ತೂ ಅಡಿ ಕಪಾಟ ಕೂಡಿಸಿ ಇನ್ನೂ ಒಂದ ಮೊಳ ಜಾಗಾ ಉಳೀತು."

"ಎಷ್ಟ ಉಳೀತು?"

"ಒಂದೂವರಿ ಅಡಿ. ಒಟ್ಟ ಹನ್ನೊಂದೂವರಿ ಐತ್ರಿ ಅವರ ಕಡಿ."

ಇಪ್ಪತ್ತರಲ್ಲಿ ಹನ್ನೊಂದೂವರೆ ಹೋದರೆ ಎಷ್ಟು ಎಂದು ಮೂರನೆಯ ಇಯತ್ತೆಯ ಮಕ್ಕಳೂ ಹೇಳುತ್ತಾರೆ. ಮಾಸ್ತರರು ತಮ್ಮ ಎಂಟೂವರೆ ಅಡಿಯ ಅಡಿಗೆಮನೆಯ ನಡುವೆ ನಿಂತು ಒಮ್ಮೆ ಹಿತ್ತಲ ಕಡೆ ನೋಡಿದರು. ತಾವು ಮುಂದೆ ಕದ್ದದ್ದು ಗೇಣು. ಹಿಂದೆ ಹೋದದ್ದು ಮೊಳ! ಚಪ್ಪಲಿ ಮೆಟ್ಟದೆ ಅಣ್ಣನ ಮನೆಗೆ ನುಗ್ಗಿದರು.

"ಅಣ್ಣಾ! ಹಿತ್ತಲ ಗೂಟ—"

ಶಂಕ್ರೆಪ್ಪ ಹೊಸ ಕಪಾಟಿನ ಮುಂದೆ ಚಹಾ ಕುಡಿಯುತ್ತ ಕೂತಿದ್ದ. ಕಿಸೆಯಿಂದ ಕಾಗದ ತೆಗೆದು ಮೆಲ್ಲಗೆ ಬಿಡಿಸಿದ.

"ಸುಳ್ಳ ಯಾಕ ಹೇಳ್ಲಿ ತಮ್ಮಾ, ಅದು ನಾನ ಸರಿಸಿದ್ದು. ನೀ ಆವತ್ತ ಊಟಕ್ಕ ಒಳಗ ಹೋಗಿದ್ದಿ. ಇವತ್ತೂ ಹೇಳತಿದ್ನಿ, ಅಷ್ಟ್ರಾಗ ನೀನ ಗಡಿಬಿಡಿ ಮಾಡಿ ಕೈ ಹಿಡಕೊಂಡಿ."

ಇದನ್ನು ಮಾಸ್ತರರು ಯಾರ ಮುಂದೆ ಹೇಳುವುದು? ಕಳ್ಳ ಯಾರು, ದೊಡ್ಡ ಮನುಷ್ಯ ಯಾರು ಎಂದು ಓಣಿಗೆ ಓಣಿಯೇ ಮಧ್ಯಾಹ್ನ ತೀರ್ಮಾನಿಸಿ, ಊಟ ಮಾಡಿ ಮಲಗಿ ಎದ್ದಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲವಾಯಿತು. ಬಾಗೇವಾಡಿಯ ಬಸ್ಸು ಇಳಿದು ಬಂದ ಭುವನೇಶ್ವರಿಯ ಅಕ್ಕ ಐಶ್ವರ್ಯ, ತೆರೆದ ಬಾಗಿಲಲ್ಲಿ ಕಪಾಟು ಕಂಡದ್ದೇ ತಡ, ಚೀಲ ಹಿಡಿದುಕೊಂಡೇ ಒಳಗೆ ಬಂದಿದ್ದಳು. ಒಂದೊಂದೇ ಖಾನೆ ಎಳೆದು ನೋಡಿದಳು. ಎಲ್ಲೂ ಬಡಿಯದೆ ಸಲೀಸಾಗಿ ಬಂದವು. ಆಮೇಲೆ ತಿರುಗಿ ಮಾಸ್ತರರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದಳು:

"ನೋಡ್ರಿ ಖಂಡೆಪ್ಪನವರ, ನಿಮ್ಮ ಅಣ್ಣಾರು ಹೆಣ್ತಿಗಿ ಎಷ್ಟ ಚಂದ ಮಾಡಿಸಿ ಕೊಟ್ಟಾರ. ನೀವು ಒಬ್ಬರ ಅದೀರಿ!"