ಮಂಗಳಮ್ಮ ಕತ್ತರಿಸಿಟ್ಟ ಬಟ್ಟೆ

ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಪಣಕಹಳ್ಳಿಯ ಪುಟ್ಟಸ್ವಾಮಿ ಹೊಲಿಗೆ ಮಿಷನ್ನಿನ ಡ್ರಾಯರನ್ನು ಎಳೆಯದೆ ಇದ್ದಿದ್ದರೆ, ಅವತ್ತು ಅವನ ಕುತ್ತಿಗೆಗೆ ಬಂದದ್ದು ಬರುತ್ತಿರಲಿಲ್ಲ. ಅವನು ಹುಡುಕಿದ್ದು ದೀಪದ ಬತ್ತಿಗೆ ಒಂದು ಚೂರು ಹಳೆಯ ಬಟ್ಟೆ. ಕೈಗೆ ಸಿಕ್ಕಿದ್ದು ಒಂದು ಗಂಟು.

ಗಂಟು ಬಿಚ್ಚಿದವನು ಅಲ್ಲೇ ಕೂತ. ಹಸಿರು ಬಣ್ಣದ ದಪ್ಪ ಬಟ್ಟೆ, ಅದರ ಮೇಲೆ ಕೆಂಪು ಹೂ. ಕತ್ತರಿಸಿದ ತುಂಡುಗಳು ಮೂರು. ಅಂಚಿನಲ್ಲಿ ಅಲ್ಲಲ್ಲಿ ಕೆಂಪು ದಾರದ ಸಣ್ಣ ಗಂಟುಗಳು. ಒಂದು ಗಂಟಿರುವ ಅಂಚಿಗೆ ಒಂದು ಗಂಟಿರುವ ಅಂಚು, ಎರಡಕ್ಕೆ ಎರಡು, ಹೀಗೆ ಕೂಡಿಸಿ ಹೊಲಿಯುವುದು ಅವನ ಹೆಂಡತಿ ಮಂಗಳಮ್ಮನ ಪದ್ಧತಿ. ತಾಳವಾಡಿಯ ಸಂಘದ ಹೊಲಿಗೆ ಕ್ಲಾಸಿನಲ್ಲಿ ಹೇಳಿಕೊಟ್ಟದ್ದು.

ಮಂಗಳಮ್ಮ ತೀರಿಕೊಂಡು ಹತ್ತು ತಿಂಗಳಾಗಿತ್ತು. ಅವಳಿಗೆ ಇದೇ ಮೊದಲನೆಯ ಎಡೆ. ಏಳು ಗಂಟೆಯ ಬಸ್ಸಿಗೆ ತಾಳವಾಡಿಗೆ ಹೋಗಿ ಎಡೆಗೆ ಒಂದು ಸೀರೆ ತರಬೇಕೆಂದು ಹೊರಟಿದ್ದ ಪುಟ್ಟಸ್ವಾಮಿ ಆ ಮೂರು ತುಂಡುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಂತೆ ಬಸ್ಸು ಹಾರನ್ ಹೊಡೆದು ಹೊರಟುಹೋಯಿತು.

ಹಿಂದಿನ ದಿನವೇ ತಿಗನಾರೆಯಿಂದ ಬಂದಿದ್ದ ಅವನ ಅಕ್ಕ ವೆಂಕಟಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು.

"ಬಸ್ಸು ಒಂಟೋಯ್ತು ಕಣ್ಲಾ! ಸೀರೆ ಯಾವಾಗ ತಂದೀಯೆ?"

"ಸೀರೆ ಬ್ಯಾಡ ಕಣಕ್ಕ. ಅವ್ಳೇ ಏನೋ ಕತ್ತರ್ಸಿ ಮಡಗವ್ಳೆ, ನೋಡಿಲ್ಲಿ. ಒಲಿಯಾಕ ಆಯಸ್ಸು ಸಾಲ್ನಿಲ್ಲ. ಇದ್ನೇ ನಾನು ಒಲ್ದು ಎಡೆಗೆ ಇಡ್ತೀನಿ."

ವೆಂಕಟಮ್ಮ ದಂಗಾದಳು. ಆ ದಂಗಿಗೆ ಕಾರಣವಿತ್ತು. ಎಡೆಗೆ ಇಟ್ಟ ಬಟ್ಟೆಯನ್ನು ಮನೆಯವರಲ್ಲಿ ಒಬ್ಬರು ಮೈಗೆ ಹಾಕಿಕೊಂಡು ಅಂಗಳಕ್ಕೆ ಹೋಗಿ ಕಾಗೆ ಕರೆಯಬೇಕು; ಕಾಗೆ ಬಂದು ಅನ್ನ ಮುಟ್ಟಿದ ಮೇಲೆಯೇ ಮನೆಯವರಿಗೆ ಊಟ. ಅವರವ್ವನ ಹೆಸರಿನ ಸೀರೆಯನ್ನು ವರ್ಷವರ್ಷವೂ ಉಟ್ಟು ಕಾಗೆ ಕರೆದವಳು ವೆಂಕಟಮ್ಮನೇ. ಈ ಸಲದ ಸೀರೆಗೆ ಹೊಂದುವ ರವಿಕೆಯನ್ನೂ ಅವಳು ಚೀಲದಲ್ಲಿ ಇಟ್ಟುಕೊಂಡು ಬಂದಿದ್ದಳು.

"ನೀ ಒಲಿಯೋದಾ? ರಾಗಿ ಮೂಟೆ ಬಾಯ ದಬ್ಬಳದಲ್ಲಿ ಒಲ್ದಂಗೆ ಅನ್ಕಂಡಿದ್ದೀಯ?" ಎಂದಳು.

"ಅವ್ಳು ಒಲಿಯೋದ ಎಂಟು ವರ್ಸ ನೋಡಿವ್ನಿ ಕಣಕ್ಕ."

"ನಮ್ಮೂರ ಬಸ್ಸ ನಾನು ಮೂವತ್ತು ವರ್ಸದಿಂದ ನೋಡಿವ್ನಿ. ಓಡ್ಸಾಕ ಕೊಟ್ಬುಟ್ಟಾರ?"

ಹೆಂಡತಿ ಅರ್ಧಕ್ಕೆ ಬಿಟ್ಟ ಕೆಲಸವೊಂದನ್ನು ಮುಗಿಸಿ ಅವಳ ಪಟದ ಮುಂದೆ ಇಡುವುದು. ಅದಕ್ಕಿಂತ ದೊಡ್ಡ ಪೂಜೆ ಅವತ್ತು ಪುಟ್ಟಸ್ವಾಮಿಗೆ ಬೇರೆ ಕಾಣಲಿಲ್ಲ. ಅದೂ ಮಧ್ಯಾಹ್ನ ಮಗಳು ಲೋಕೇಶ್ವರಿ ಚಾಮರಾಜನಗರದಿಂದ ಬರುವುದರೊಳಗೆ ಆಗಬೇಕು.

ಆದರೆ ಹೊಲಿಯಬೇಕಾದದ್ದು ಏನನ್ನು?

ಗೋಡೆಯ ಮೊಳೆಗೆ ಮಂಗಳಮ್ಮನ ಕಾಗದದ ಅಚ್ಚುಗಳು ನೇತಾಡುತ್ತಿದ್ದವು. ಆ ಗಡಿಯೂರಿನಲ್ಲಿ ಸಿಗುವ ತಮಿಳು ಪೇಪರಿನಲ್ಲಿ ಕತ್ತರಿಸಿದವು. ಒಂದೊಂದರ ಮೇಲೂ ಕನ್ನಡದಲ್ಲಿ ಪೆನ್ಸಿಲಿನ ಬರಹ. 'ಲೋಕಿ ರವಿಕೆ', 'ಲಂಗ, ಆರು ವರ್ಷ', 'ಚಿಕ್ಕಲಕ್ಷ್ಮಿ ರವಿಕೆ, ತೋಳು ಸಡಿಲ', 'ದಿಂಬು'. ಪುಟ್ಟಸ್ವಾಮಿ ಎಲ್ಲವನ್ನೂ ಇಳಿಸಿ ನೆಲದ ಮೇಲೆ ಹರಡಿ, ತುಂಡುಗಳನ್ನು ಒಂದೊಂದರ ಮೇಲೂ ಇಟ್ಟು ನೋಡಿದ. ಒಂದು ತುಂಡು ಉದ್ದಕ್ಕೆ, ಟವೆಲಿನ ಹಾಗೆ. ಎರಡು ಸಣ್ಣವು, ಮೇಲೆ ದುಂಡಗೆ, ಕೆಳಗೆ ನೆಟ್ಟಗೆ. ಆ ಎರಡರಲ್ಲಿ ಒಂದರ ನಡುವೆ ದುಂಡನೆಯ ತೂತು. ಯಾವ ಅಚ್ಚಿಗೂ ಯಾವ ತುಂಡೂ ಕೂರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಬಂದಳು. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವಳ ಕಿವಿಗೆ ಅದೂ ಇರಲಿಲ್ಲ.

"ಅಯ್ಯೋ, ಇದು ನಾ ಒಲಿಯಾಕ ಕೊಟ್ಟಿದ್ದ ರವಿಕೆ ಬಟ್ಟೆ ಕಣಣ್ಣ!"

"ನಿಂದು ಅಳದಿ ಅಂತ ಓದ ತಿಂಗ್ಳು ತಾನೇ ಕೇಳ್ಕಂಡು ಬಂದಿದ್ದಲ್ಲವ್ವ?"

"ಪೆಟ್ಟಿಗೇಲಿ ಇದ್ದೂ ಇದ್ದೂ ಬಣ್ಣ ತಿರುಗ್ಯದೆ."

"ಊವೂ ಪೆಟ್ಟಿಗೇಲೇ ಅರಳ್ತಾ?" ಎಂದಳು ವೆಂಕಟಮ್ಮ.

ಚಿಕ್ಕಲಕ್ಷ್ಮಮ್ಮನ ಹಿಂದೆಯೇ ಎದುರು ಮನೆಯ ಚಿಕ್ಕಸಿದ್ದ ಬಂದ. ಪುಟ್ಟಸ್ವಾಮಿಯ ಓರಗೆಯವನು. ಹೆಗಲಿನ ಒದ್ದೆ ಟವೆಲನ್ನು ಮಿಷನ್ನಿನ ಮೇಲೆ ಹಾಕಿ ಗೋಡೆಗೆ ಒರಗಿ ಕೂತ. ಮಂಗಳಮ್ಮ ಇದ್ದಿದ್ದರೆ ಆ ಟವೆಲು ಅಂಗಳದಲ್ಲಿ ಬಿದ್ದಿರುತ್ತಿತ್ತು. "ಮಿಷನ್ ಮ್ಯಾಲೆ ಏನೂ ಇಡಬ್ಯಾಡಿ, ತುಕ್ಕು ಇಡೀತದ!" ಎಂದು ದಿನಕ್ಕೆ ಇಪ್ಪತ್ತು ಸಲ ಕೂಗುತ್ತಿದ್ದಳು. ಅದರಲ್ಲಿ ಹತ್ತೊಂಬತ್ತು ಸಲ ಗಂಡನಿಗೆ. ಇವತ್ತೂ ಪುಟ್ಟಸ್ವಾಮಿಯ ನೀರಿನ ಚೊಂಬು ಟವೆಲಿನ ಪಕ್ಕದಲ್ಲೇ ಇತ್ತು.

"ಇದು ಕೊಪ್ಪೆ ಕಣ್ಲಾ," ಎಂದ ಚಿಕ್ಕಸಿದ್ದ ಬಟ್ಟೆ ನೋಡಿ. "ಕಾಡಂದಿ ಕಾಯಾಕ ಒಲಕ್ಕೆ ಓಗ್ತೀಯಲ್ಲ, ಮಂಜು ಬೀಳ್ದಂಗೆ ತಲೆಗೆ."

"ಕೊಪ್ಪೆಗೆ ತೂತು ಯಾಕ್ಲಾ?" ಎಂದ ಪುಟ್ಟಸ್ವಾಮಿ.

"ಅಂದಿ ಬಂದ್ರೆ ನೋಡಾಕ."

"ಸುಮ್ಕಿರೋ. ಇದು ಕುಪ್ಪಸ," ಎಂದಳು ವೆಂಕಟಮ್ಮ. "ತೂತು ಕತ್ತಿಗೆ, ಉದ್ದಂದು ಮೈಗೆ, ಇದು ತೋಳು."

"ಇನ್ನೊಂದು ತೋಳು?" ಎಂದ ಚಿಕ್ಕಸಿದ್ದ.

ವೆಂಕಟಮ್ಮ ಸ್ವಲ್ಪ ಯೋಚಿಸಿದಳು. "ಕತ್ತರ್ಸೋದ್ರೊಳ್ಗೆ ಶಿವ ಕರ್ಕಂಡ."

ಆ ಮಾತು ಕೇಳಿದ್ದೇ ಪುಟ್ಟಸ್ವಾಮಿ ಎದ್ದು ಚೊಂಬು, ಟವೆಲು ತೆಗೆದಿಟ್ಟು ಮಿಷನ್ನಿಗೆ ಕೈಮುಗಿದ. "ಅವ್ಳು ಗಂಟು ಆಕವ್ಳೆ. ಗಂಟು ಏಳ್ದಂಗೆ ಒಲೀತೀನಿ. ಏನಾಯ್ತದೋ ಆಗ್ಲಿ, ಮಾದಪ್ಪ ಅವ್ನೆ."

ಮಾದಪ್ಪ ಇದ್ದ, ಆದರೆ ಪೆಡಲು ತುಳಿಯಬೇಕಾದವನು ಪುಟ್ಟಸ್ವಾಮಿ. ಮೊದಲನೆಯ ತುಳಿತಕ್ಕೆ ಚಕ್ರ ಹಿಂದಕ್ಕೆ ತಿರುಗಿ ದಾರವೆಲ್ಲ ಅಡಿಯಲ್ಲಿ ಕಾಗೆಗೂಡಿನಂತೆ ಸುತ್ತಿಕೊಂಡಿತು. ಎರಡನೆಯ ಸಲ ಮಿಷನ್ನು ಮುಂದಕ್ಕೆ ಓಡಿತು. ಎಷ್ಟು ಓಡಿತೆಂದರೆ ಬಟ್ಟೆ ಮುಗಿದು ಅವನ ಅಂಗಿಯ ತೋಳೂ ಸೂಜಿಯ ಕೆಳಗೆ ಹೋಗಿ ಎರಡೂ ಒಂದಾದವು. ಚಿಕ್ಕಲಕ್ಷ್ಮಮ್ಮ ಬ್ಲೇಡು ತಂದು ಅವನನ್ನು ಬಿಡಿಸಿದಳು. ಸೂಜಿ ಎರಡು ಸಲ ಮುರಿಯಿತು. ಎರಡನೆಯ ಸಲ ಮುರಿದ ತುದಿ ಚಿಕ್ಕಸಿದ್ದನ ಕಿವಿಯ ಪಕ್ಕದಲ್ಲಿ ಹಾರಿಹೋದಾಗ ಅವನು ತನ್ನ ಮನೆಯ ಎಡೆ ನೋಡಿಕೊಂಡು ಬರುತ್ತೇನೆಂದು ಹೇಳಿ ಹೋದವನು ಹೊಲಿಗೆ ಮುಗಿದ ಮೇಲೆಯೇ ಬಂದದ್ದು.

ಪುಟ್ಟಸ್ವಾಮಿ ಮಾತ್ರ ಗಂಟಿನ ದಾರಿ ಬಿಡಲಿಲ್ಲ. ಒಂದಕ್ಕೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು. ಹೊಲಿಗೆ ಘಾಟಿ ರಸ್ತೆಯ ತಿರುವುಗಳ ಹಾಗೆ ಓಲಾಡಿದರೂ ಘಾಟಿ ಹತ್ತಿ ದಿಂಬಂ ತಲುಪುವ ಬಸ್ಸಿನಂತೆ ಕೊನೆಗೆ ತಲುಪಬೇಕಾದಲ್ಲಿಗೆ ತಲುಪಿತು.

ಹನ್ನೆರಡೂವರೆಗೆ ಅವನು ಬಟ್ಟೆಯನ್ನು ಎತ್ತಿ ಹಿಡಿದ.

ಅದು ರವಿಕೆಯಲ್ಲ, ಲಂಗವಲ್ಲ, ಅಂಗಿಯಲ್ಲ. ಒಂದು ಕಡೆ ಬಾಯಿ ತೆರೆದ ಪೆಟ್ಟಿಗೆಯಂಥ ಚೀಲ. ಅದರ ಒಂದು ತುದಿಯಲ್ಲಿ ತೂತು.

"ಶಿವಶಿವಾ," ಎಂದಳು ವೆಂಕಟಮ್ಮ. "ಯಾರ ಮೈಗ್ಲಾ ಇದು?"

"ನಂದು ಅಳದಿ ಬಟ್ಟೆ ಕಣಣ್ಣ, ಈಗ ಗ್ಯಾನಕ್ಕೆ ಬಂತು," ಎಂದಳು ಚಿಕ್ಕಲಕ್ಷ್ಮಮ್ಮ ಎರಡು ಹೆಜ್ಜೆ ಹಿಂದೆ ಸರಿದು.

"ನಮ್ಮ ಎತ್ತಿನ ಬಾಯ್ಗೆ ಸರ್ಯಾಗಿ ಆಯ್ತದೆ," ಎಂದ ಚಿಕ್ಕಸಿದ್ದ.

ಪುಟ್ಟಸ್ವಾಮಿಗೆ ಕೋಪ ಬಂತು. "ಎತ್ತಿನ ಬಾಯಿಗೆ ಊವಿನ ಬಟ್ಟೆ ಕತ್ತರ್ಸಾಳೇನ್ಲಾ ಅವ್ಳು? ಇದ ಆಕ್ಕಳ್ಳೋ ರೀತಿಲಿ ಆಕ್ಕಂಡ್ರೆ ತಿಳೀತದೆ."

"ಅದೇ ನಾನೂ ಏಳೋದು," ಎಂದಳು ವೆಂಕಟಮ್ಮ. "ಮೈಗೆ ಆಗದ ಬಟ್ಟೆಯ ಸತ್ತೋರ್ಗೆ ಇಡಂಗಿಲ್ಲ. ಆಕ್ಕಂಡು ತೋರ್ಸು."

ಪುಟ್ಟಸ್ವಾಮಿ ಕಣ್ಣು ಮುಚ್ಚಿ ತಲೆಯನ್ನು ತೂತಿಗೆ ಒಡ್ಡಿದ. ಹಣೆಯವರೆಗೆ ಹೋಗಿ ನಿಂತಿತು. ಚಿಕ್ಕಸಿದ್ದ ಸ್ನೇಹಿತನಲ್ಲವೇ, ಎದ್ದು ಬಂದು ಎರಡೂ ಕಡೆ ಹಿಡಿದು ಮೂಟೆಗೆ ರಾಗಿ ತುಂಬುವವನಂತೆ ಕುಕ್ಕಿ ಎಳೆದ. ಕಿವಿಗಳು ಮಡಚಿಕೊಂಡವು, ಮೂಗು ಒಳಕ್ಕೆ ಹೋಗಿ ಹೊರಕ್ಕೆ ಬಂತು, ತೂತು ಕುತ್ತಿಗೆಗೆ ಬಂದು ಬಿಗಿಯಾಗಿ ಕೂತಿತು. ಚೀಲ ಎದೆಯ ಮೇಲೆ ಜೋತುಬಿತ್ತು.

"ತೆಗೀಲಾ ಈಗ," ಎಂದ ಪುಟ್ಟಸ್ವಾಮಿ.

ಚಿಕ್ಕಸಿದ್ದ ಮೇಲಕ್ಕೆ ಎಳೆದ. ಬಟ್ಟೆ ಗಲ್ಲಕ್ಕೆ ಸಿಕ್ಕಿಕೊಂಡಿತು. ಚಿಕ್ಕಲಕ್ಷ್ಮಮ್ಮನೂ ಕೈ ಹಾಕಿದಳು. ಪುಟ್ಟಸ್ವಾಮಿಯ ಕಣ್ಣುಗಳು ಮಾತ್ರ ಮೇಲಕ್ಕೆ ಬಂದವು.

"ಕತ್ತರಿ ತತ್ತೀನಿ ಇರಿ!" ಎಂದಳು ಅವಳು.

"ಕತ್ತರಿ ಮುಟ್ಟಿದ್ರೆ ನೋಡು! ಅವ್ಳ ಬಟ್ಟೆ!" ಎಂದು ಪುಟ್ಟಸ್ವಾಮಿ ಕೂಗುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು.

ಲೋಕೇಶ್ವರಿ ಮತ್ತು ಅವಳ ಗಂಡ ನಟರಾಜ್ ಹೊಸ್ತಿಲಲ್ಲಿ ಕಂಬದಂತೆ ನಿಂತಿದ್ದರು. ಮಗಳ ಕೈಯ ಬಾಳೆಹಣ್ಣಿನ ಚೀಲ ಜಾರಿ ಬಿತ್ತು. ನಟರಾಜ್ ಮರ್ಯಾದಸ್ಥ. ಮಾವನ ಕುತ್ತಿಗೆಯನ್ನು ನೋಡಿದವನೇ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ.

"ಯಾವಾಗ ಬಿದ್ರಿ ಮಾವ? ಪಟ್ಟಿ ಕಟ್ಟಿದ ಡಾಕ್ಟ್ರು ಎಷ್ಟು ದಿನ ಬಿಡ್ಬೇಕು ಅಂದ್ರು?"

ಪುಟ್ಟಸ್ವಾಮಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ವೆಂಕಟಮ್ಮ ದೀಪಕ್ಕೆಂದು ಇಟ್ಟಿದ್ದ ಎಳ್ಳೆಣ್ಣೆ ತಂದು ತಮ್ಮನ ಕಿವಿ, ಗಲ್ಲ, ಕುತ್ತಿಗೆಗೆ ಬಳಿದಳು. ಅಳಿಯ ಸೊಂಟ ಹಿಡಿದ, ಚಿಕ್ಕಸಿದ್ದ ಬಟ್ಟೆ ಹಿಡಿದ. ಫಟ್ಟೆಂದು ತಲೆ ಹೊರಬಂದಾಗ ಪುಟ್ಟಸ್ವಾಮಿ ಮೊದಲು ಕಿವಿಗಳೆರಡೂ ಇವೆಯೇ ಎಂದು ಮುಟ್ಟಿ ನೋಡಿಕೊಂಡ.

ಲೋಕೇಶ್ವರಿ ಬಟ್ಟೆಯನ್ನು ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಕೆಂಪು ದಾರದ ಗಂಟನ್ನು ಬೆರಳಲ್ಲಿ ಸವರಿದಳು. ಆಮೇಲೆ ಯಾರಿಗೂ ಏನೂ ಹೇಳದೆ ಮಿಷನ್ನಿನ ಹತ್ತಿರ ಹೋಗಿ, ತೂತನ್ನು ಪಕ್ಕದ ಚಕ್ರಕ್ಕೆ ಸಿಕ್ಕಿಸಿ, ಉಳಿದದ್ದನ್ನು ಮಿಷನ್ನಿನ ತಲೆಯ ಮೇಲೆ ಎಳೆದಳು.

ಕೂತಿತು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಮಿಷನ್ನು ಅಳತೆ ಕೊಟ್ಟೇ ಇತ್ತು.

ಬೆಳಿಗ್ಗೆಯಿಂದ ಎಲ್ಲರೂ ಅದೇ ಮಿಷನ್ನಿನ ಮುಂದೆ ಕೂತು, ಅದರಲ್ಲೇ ಹೊಲಿದು, ಅದರ ಅಂಗಿಯನ್ನು ಊರಿನವರಿಗೆಲ್ಲ ಅಳತೆ ನೋಡಿದ್ದರು.

"ಅವ್ವ ನಂಗೆ ಏಳಿದ್ಲು ಕಣಪ್ಪ," ಎಂದಳು ಲೋಕೇಶ್ವರಿ. ನಗುವೂ ಅಳುವೂ ಒಟ್ಟಿಗೇ ಬಂದಿದ್ದವು. "'ನಿಮ್ಮಪ್ಪ ನಾ ಸಾಯೋಗಂಟ ಚೊಂಬ ಇದ್ರ ಮ್ಯಾಲೆ ಇಡೋದ ಬುಡಾಕಿಲ್ಲ. ಇದ್ಕೇ ಒಂದು ಅಂಗಿ ಒಲ್ದು ಆಕ್ಬುಡ್ತೀನಿ' ಅಂತಿದ್ಲು."

ಪುಟ್ಟಸ್ವಾಮಿ ಹೋಗಿ ಚೊಂಬನ್ನು ಅಡುಗೆಮನೆಯ ಮೂಲೆಯಲ್ಲಿ ಇಟ್ಟು ಬಂದ.

ಬೇರೆ ಬಟ್ಟೆಗೆ ಹೊತ್ತಿರಲಿಲ್ಲ. ಮಂಗಳಮ್ಮನ ಪಟದ ಮುಂದೆ ಬಾಳೆಯೆಲೆ ಹಾಸಿ, ಅನ್ನ, ಹುರುಳಿಕಾಳಿನ ಸಾರು, ವಡೆ, ಪಾಯಸ ಬಡಿಸಿ, ಪಕ್ಕದಲ್ಲಿ ಆ ಹಸಿರು ಅಂಗಿಯನ್ನೇ ಮಡಿಸಿ ಇಟ್ಟರು. ಕರ್ಪೂರ ಬೆಳಗಿತು. ಪುಟ್ಟಸ್ವಾಮಿ ಅಡ್ಡಬಿದ್ದು ಎದ್ದಾಗ ಅವನ ಮನಸ್ಸು ಹತ್ತು ತಿಂಗಳಲ್ಲಿ ಮೊದಲ ಸಲ ಹಗುರವಾಗಿತ್ತು. ಮುಗಿಯಿತು ಎಂದುಕೊಂಡು ಬಟ್ಟೆಯನ್ನು ಎತ್ತಿಕೊಂಡು ಮಿಷನ್ನಿನ ಕಡೆಗೆ ನಡೆದ.

"ಎಲ್ಲಿಗ್ಲಾ?" ಎಂದಳು ವೆಂಕಟಮ್ಮ.

"ಮಿಷನ್ಗೆ ಆಕಾಕ."

"ಎಡೆ ಬಟ್ಟೆ ಅದು. ಮನೆಯೋರು ಮೈಗೆ ಆಕ್ಕಂಡು ಕಾಗೆ ಕರೀಬೇಕು."

ಪುಟ್ಟಸ್ವಾಮಿ ನಿಂತಲ್ಲೇ ಕಲ್ಲಾದ. "ಅಕ್ಕ, ಇದು ಮಿಷನ್ ಅಂಗಿ ಕಣಕ್ಕ!"

"ಮಿಷನ್ನು ಕಾಗೆ ಕರ್ದಾದೇನ್ಲಾ? ಸೀರೆ ತಂದಿದ್ರೆ ನಾನೇ ಉಟ್ಕತಿದ್ದೆ."

ಪುಟ್ಟಸ್ವಾಮಿ ಮಗಳನ್ನು ನೋಡಿದ. ಅವಳು ಎರಡೂ ಕೈಯಲ್ಲಿ ಕಿವಿಯೋಲೆ ಮುಚ್ಚಿಕೊಂಡಳು. ಅಳಿಯನನ್ನು ನೋಡಿದ. ಅವನು ಚಪ್ಪಲಿ ಹುಡುಕಿಕೊಂಡು ಅಂಗಳಕ್ಕೆ ಹೋದ.

"ಎಣ್ಣೆ ಇನ್ನೂ ಒಣಗಿಲ್ಲ ಕಣ್ಲಾ," ಎಂದ ಚಿಕ್ಕಸಿದ್ದ ಸಮಾಧಾನ ಹೇಳುತ್ತ, "ಸಲೀಸಾಗಿ ಓಯ್ತದೆ."

ಹೋಯಿತು.

ಎದೆಯ ಮೇಲೆ ಹೂವಿನ ಚೀಲ ಜೋತುಬಿಟ್ಟುಕೊಂಡು, ಕೈಯಲ್ಲಿ ಎಡೆಯ ಅನ್ನ ಹಿಡಿದುಕೊಂಡು ಪುಟ್ಟಸ್ವಾಮಿ ಅಂಗಳದಲ್ಲಿ ನಿಂತ. ಅನ್ನವನ್ನು ಗೋಡೆಯ ಮೇಲೆ ಇಟ್ಟು "ಕಾ... ಕಾ..." ಎಂದು ಕರೆದ. ಬೇವಿನ ಮರದ ತುಂಬ ಕಾಗೆಗಳು ಕೂತು ಒಂದೇ ಕಣ್ಣಿನಲ್ಲಿ ಅವನನ್ನು ನೋಡಿದವು. ಒಂದೂ ಇಳಿಯಲಿಲ್ಲ. ಒಳಗೆ ಹಸಿದವರ ಬಳೆ, ತಟ್ಟೆಗಳ ಸದ್ದು ಏರಿತು. ಅರ್ಧ ಗಂಟೆಯಾಯಿತು.

ಕೊನೆಗೆ ಒಂದು ಮುದಿ ಕಾಗೆ ಹೆಂಚಿಗೆ ಹಾರಿತು. ಹೆಂಚಿನಿಂದ ಗೋಡೆಗೆ ಇಳಿಯಿತು. ತಲೆ ವಾಲಿಸಿ ಅವನ ಕುತ್ತಿಗೆಯ ಹೊಲಿಗೆಯನ್ನೇ ನೋಡಿತು. ಆ ನೋಟ ಪುಟ್ಟಸ್ವಾಮಿಗೆ ಗುರುತಿನದು ಅನ್ನಿಸಿತು. 'ಬಾ ಮಂಗಳ,' ಎಂದುಕೊಂಡ. ಕಾಗೆ ಅನ್ನದ ಕಡೆಗೆ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು. ಕೊಕ್ಕು ಬಾಗಿಸಿತು.

ಆಗಲೇ ಅವನ ಕಣ್ಣು ಕಿಟಕಿಯೊಳಕ್ಕೆ ಹೋಯಿತು. ಬತ್ತಲೆ ನಿಂತಿದ್ದ ಮಿಷನ್ನಿನ ಮೇಲೆ ಚಿಕ್ಕಸಿದ್ದ ತನ್ನ ಒದ್ದೆ ಟವೆಲನ್ನು ಹಾಕುತ್ತಿದ್ದ.

"ಮಿಷನ್ ಮ್ಯಾಲೆ ಏನೂ ಇಡಬ್ಯಾಡಿ, ತುಕ್ಕು ಇಡೀತದ!"

ಕೂಗು ಪುಟ್ಟಸ್ವಾಮಿಯ ಬಾಯಿಂದ ಬಂದದ್ದು ಎಂದು ಅವನಿಗೇ ತಿಳಿಯಲು ಒಂದು ಗಳಿಗೆ ಬೇಕಾಯಿತು. ಮುದಿ ಕಾಗೆ ಬೆಚ್ಚಿ ಹಾರಿತು. ಅದರ ಹಿಂದೆ ಬೇವಿನ ಮರವೇ ಹಾರಿಹೋದಂತೆ ಅಷ್ಟೂ ಕಾಗೆಗಳು ಎದ್ದು, ಎದುರು ಮನೆಯ ಹೆಂಚಿನ ಮೇಲೆ ಚಿಕ್ಕಸಿದ್ದನ ಎಡೆಗೆ ಇಳಿದವು.

"ಕಾಗೆ ಮುಟ್ತೇನ್ಲಾ?" ಎಂದು ಒಳಗಿನಿಂದ ವೆಂಕಟಮ್ಮ ಕೇಳಿದಳು.

ಪುಟ್ಟಸ್ವಾಮಿ ಕುತ್ತಿಗೆಯ ಬಟ್ಟೆಯನ್ನು ಒಮ್ಮೆ ಎಳೆದು ನೋಡಿದ. ಎಣ್ಣೆ ಒಣಗಿತ್ತು.