ಕತ್ತಿನೊಳಗಿನ ಹರಳುಗಳಿಗೆ, ನನ್ನದಲ್ಲದ ಒಂದು ‘ಹೂಂ’ ಕುರಿತು

ನನ್ನ ಕತ್ತಿನ ಎರಡನೆಯ ಮೂಳೆಯನ್ನು ಕಟ್ಟಿರುವ ನಾರಿನಲ್ಲಿ ಬೀಡುಬಿಟ್ಟ ಕ್ಯಾಲ್ಸಿಯಂ ಹರಳುಗಳ ಸನ್ನಿಧಿಗೆ,

ಮಾನ್ಯರೇ,

ಲಗ್ಗೆರೆಯಲ್ಲಿ ಮೂರು ಲೇತ್ ಮೆಷಿನ್ನಿನ ವರ್ಕ್‌ಶಾಪ್ ಇಟ್ಟುಕೊಂಡು, ಪೀಣ್ಯದ ಕಾರ್ಖಾನೆಗಳಿಗೆ ಪಂಪಿನ ಬುಷ್ ಎಂಬ ಲೋಹದ ಬಳೆ ಕಡೆದುಕೊಡುತ್ತಲೇ ಅರವತ್ತೇಳು ಮುಟ್ಟಿದ ಶ್ಯಾಮಣ್ಣನಾದ ನಾನು, ಕೂತಲ್ಲಿಂದಲೇ, ನೆಟ್ಟಗೆ ಎದುರು ಗೋಡೆ ನೋಡುತ್ತ ಮಾಡುವ ನಮಸ್ಕಾರಗಳು. ಇದನ್ನು ಸೊಕ್ಕೆಂದು ತಿಳಿಯಬಾರದು. ಆ ಕೆಲಸವನ್ನು ನಮ್ಮ ಬೀದಿಯವರು ಆಗಲೇ ಮಾಡಿದ್ದಾರೆ.

ತಾವು ದಯಮಾಡಿಸಿದ ರೀತಿಯೇ ಮೆಚ್ಚತಕ್ಕದ್ದು. ಮೂರು ವಾರದ ಹಿಂದಿನ ಸೋಮವಾರ ಹಲ್ಲುಜ್ಜಲು ಬಗ್ಗಿದವನ ಕತ್ತನ್ನು ಕಬ್ಬಿಣ ಹಿಡಿಯುವ ವೈಸ್‌ಗೆ ಕೊಟ್ಟು ಬಿಗಿದಂತೆ ಹಿಡಿದು, ಜೊತೆಗೆ ಜ್ವರವನ್ನೂ ಕರೆತಂದು, ಮೆದುಳು ಜ್ವರವೇ ಇರಬೇಕೆಂದು ಡಾಕ್ಟರನ್ನೇ ಅರ್ಧ ದಿನ ಹೆದರಿಸಿದಿರಿ. ಸ್ಕ್ಯಾನಿನಲ್ಲಿ ನೋಡಿದರೆ, ಹಲ್ಲಿನಂತೆ ಎದ್ದಿರುವ ಮೂಳೆಯ ಮೊನೆಯ ಸುತ್ತ ಕಿರೀಟದ ಹಾಗೆ ತಾವು ವಿರಾಜಮಾನರು! ನಲವತ್ತು ವರ್ಷ ದುಡಿದವನಿಗೆ ಒಂದು ಮೈಸೂರು ಪೇಟವನ್ನೂ ತೊಡಿಸದ ಈ ಊರಿನಲ್ಲಿ, ಯಾರಿಗೂ ಕಾಣದ ಜಾಗದಲ್ಲಾದರೂ ಕಿರೀಟ ಇಟ್ಟ ಉಪಕಾರ ದೊಡ್ಡದು. ಕಣ್ಣಿಗೆ ಕಾಣದ ಪುಡಿ ಸಾಕು ಬೇರಿಂಗ್ ಜಾಮ್ ಆಗಲು ಎಂದು ಕೆಲಸದವರಿಗೆ ಪಾಠ ಹೇಳುತ್ತಿದ್ದವನು ನಾನೇ.

ತಮ್ಮ ಹೆಸರೂ ಒಂದು ತೊಡಕು. ‘ಹರಳು’ ಎಂದದ್ದೇ ತಡ, ಪಕ್ಕದ ಮನೆಯ ಅಂಜಿನಮ್ಮ ಕಿಡ್ನಿಯದೆಂದು ಬಾಳೆದಿಂಡಿನ ರಸ ತಂದರು; ನನ್ನ ಮನೆಯಾಕೆ ವಸಂತಮ್ಮ ಹರಳೆಣ್ಣೆಯೆಂದು ಕೇಳಿಸಿಕೊಂಡು ಬಿಸಿಮಾಡಿ ತಿಕ್ಕಿದಳು; ಭಾವಮೈದ ಯಾವ ಬೆರಳಿಗೆ ಯಾವ ಹರಳೆಂದು ಜೋಯಿಸರನ್ನು ವಿಚಾರಿಸಿ ಬಂದ. ಬೇಡವೆನ್ನಲು ತಲೆ ಅಲ್ಲಾಡಬೇಕಲ್ಲ? ಬಾಯಿ ತೆರೆದರೂ ಕತ್ತು ಸೆಳೆಯುತ್ತಿತ್ತು.

ನನ್ನ ಮುಖ್ಯ ದೂರೂ ಅದೇ. ಡಿಪ್ಲೊಮಾ ಮುಗಿಸಿದ ಮಗಳು ಸ್ಫೂರ್ತಿ ಮೂರು ವರ್ಷದಿಂದ ವರ್ಕ್‌ಶಾಪಿನ ಬೀಗದ ಕೈ ಕೇಳುತ್ತಿದ್ದಳು. ಅದು ಗಂಡಸರ ಜಾಗವೆಂದು ನಾನು ತಲೆಯಾಡಿಸಿ ಕಳಿಸುತ್ತಿದ್ದೆ. ಆ ಬುಧವಾರ ಬಂದು, “ಅಪ್ಪಾ, ಎರಡ್ ದಿನದಿಂದ ಕೆಲ್ಸ ನಿಂತೋಗಿದೆ. ನೀನು ಹುಷಾರಾಗೋವರ್ಗೂ ಅಲ್ಲ, ಇನ್ಮೇಲೆ ನಾನೇ ನೋಡ್ಕೋತೀನಿ, ಆಯ್ತಾ?” ಎಂದಳು. ಇಲ್ಲವೆಂದು ತಲೆಯಾಡಿಸಹೋದೆ. ತಾವು ಚುಚ್ಚಿದಿರಿ. ಬಾಯಿಂದ ಹೊರಟದ್ದು ಒಂದೇ ನರಳಾಟ: “ಹೂಂಂಂ!”

ನೋವಿಗೂ ಒಪ್ಪಿಗೆಗೂ ಒಂದೇ ಸದ್ದನ್ನು ಗೊತ್ತುಮಾಡಿದ ಪುಣ್ಯಾತ್ಮರು ಯಾರೋ ಕಾಣೆ. ಬಾಗಿಲಲ್ಲಿದ್ದ ಹಳೆಯ ಆಪರೇಟರ್ ಮಲಕಪ್ಪ, “ಸಾವಕಾರ್ರು ಹೂಂ ಅಂದ್ರಲ್ರೀ, ಮುಗೀತ್ ಬಿಡ್ರಿ” ಎಂದು ಸಾಕ್ಷಿ ನುಡಿದ. “ನಿಮ್ಮಪ್ಪ ತಾಳಿ ಕಟ್ಟೋವಾಗ್ಲೂ ಇಷ್ಟ್ ಜೋರಾಗಿ ಹೂಂ ಅಂದಿರ್ಲಿಲ್ಲ ಕಣೇ” ಎಂದಳು ವಸಂತಮ್ಮ. ಬೀಗದ ಕೈ ಹೋಯಿತು.

ಆದಕಾರಣ ತಾವು ಖುದ್ದಾಗಿ ವರ್ಕ್‌ಶಾಪಿಗೆ ಹೋಗಿ, ಅದು ಒಪ್ಪಿಗೆಯಲ್ಲ, ಬರಿಯ ನೋವು ಎಂದು ಸಹಿ ಮೊಹರಿನ ಪತ್ರ ಕೊಡಬೇಕಾಗಿ ಪ್ರಾರ್ಥನೆ. ಹೋದಾಗ ಆಚೀಚೆ ನೋಡಬೇಡಿ. ವಾರಕ್ಕೆ ಒಂದು ಡಬ್ಬದಷ್ಟಾದರೂ ಅಳತೆ ತಪ್ಪಿ ವಾಪಸು ಬರುತ್ತಿದ್ದ ಬುಷ್ಷು ಈಗ ಬರುತ್ತಿಲ್ಲ. ನನ್ನ ಬೈಗುಳಕ್ಕೆ ಬಗ್ಗದ ಮೂಲೆಯ ಮೆಷಿನ್ನು ಕಿರುಚುವುದನ್ನು ಬಿಟ್ಟಿದೆ. ಇವೆಲ್ಲ ಈ ದೂರಿಗೆ ಸಂಬಂಧಿಸಿದ್ದಲ್ಲ.

ತಲೆಬಾಗಲು ಬಾರದ ತಮ್ಮ ವಿಶ್ವಾಸಿ,
ಶ್ಯಾಮಣ್ಣ

ತಾ.ಕ.: ಮಾತ್ರೆಗೆ ಹೆದರಿ ತಾವು ಹೋದ ಮಂಗಳವಾರವೇ ತಣ್ಣಗಾದಿರಿ, ಕತ್ತು ಈಗ ಎರಡೂ ಕಡೆ ಸಲೀಸಾಗಿ ತಿರುಗುತ್ತದೆ. ಆದರೆ ಡಾಕ್ಟರು ಹಾಕಿದ ಕತ್ತಿನ ಪಟ್ಟಿ ಬಿಚ್ಚಿದರೆ ಮಗಳಿಗೆ ಒಂದೋ ಬೇಡವೆನ್ನಬೇಕು, ಇಲ್ಲವೇ ಭೇಷ್ ಎನ್ನಬೇಕು, ಎರಡಕ್ಕೂ ತಲೆಯಾಡಿಸಬೇಕು. ಯಾರಾದರೂ ವಿಚಾರಿಸಿದರೆ, ದಯವಿಟ್ಟು ಇನ್ನೂ ಇದ್ದೇವೆ ಎನ್ನಿ.