ಅಪ್ಪನ ಮಾರು

ಕೈ ಗಿಡ್ಡ ಇದ್ದರೆ ಏನು ಕಷ್ಟ ಅಂತ ಕೇಳಿದರೆ ನೀವು ಏನಂತೀರಿ? ಅಟ್ಟದ ಮೇಲಿನ ಡಬ್ಬ ಎಟುಕಲ್ಲ, ಬೆನ್ನು ಕೆರೆದುಕೊಳ್ಳೋಕೆ ಆಗಲ್ಲ, ಅಷ್ಟೇ ತಾನೆ? (ಕೆರೆತದ ವಿಷಯಕ್ಕೆ ಆಮೇಲೆ ಬರೋಣ, ಅದೊಂದು ದೊಡ್ಡ ಪುರಾಣ.) ಗಾಳಿಪಟದ ಅಂಗಡಿಯ ನಮ್ಮ ಯಜಮಾನನ ಕಷ್ಟ ಅಂಥಿಂಥದ್ದಲ್ಲ. ಅವನ ಕೈ ಗಿಡ್ಡ ಅಂತ ಊರಿಗೆ ಊರೇ ಹೇಳುತ್ತಿತ್ತು. ಅದೂ ಹಿಂದಿನಿಂದಲ್ಲ, ಅವನ ಅಂಗಡಿಯಲ್ಲೇ, ಅವನ ಎದುರಿಗೇ ನಿಂತು.

ಅಂಗಡಿ ಅವನ ಅಪ್ಪ ಕಟ್ಟಿದ್ದು. ಮುಂದಿನ ಅರ್ಧದಲ್ಲಿ ಗಾಳಿಪಟದ ಸಾಮಾನು: ತೆಳು ಕಾಗದ, ನೈಲಾನ್ ಬಟ್ಟೆ, ಅಂಟು, ದಾರ. ಹಿಂದಿನ ಅರ್ಧದಲ್ಲಿ ಫೈಬರ್‌ಗ್ಲಾಸ್: ಪಟದ ಬೆನ್ನಿಗೆ ಕಟ್ಟುವ ಸಪೂರ ಕಡ್ಡಿಗಳು, ದೋಣಿಯ ತೂತಿಗೆ ತೇಪೆ ಹಾಕುವ ಗಾಜಿನ ನಾರಿನ ಸುರುಳಿಗಳು, ಅದನ್ನು ಅಂಟಿಸುವ ರೆಸಿನ್ ಡಬ್ಬಗಳು. "ಹಾರೋದಕ್ಕೂ ನಾವೇ, ತೇಲೋದಕ್ಕೂ ನಾವೇ" ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಬಟ್ಟೆಗೆ ಟೇಪು, ರೆಸಿನ್‌ಗೆ ತಕ್ಕಡಿ. ದಾರಕ್ಕೆ ಮಾತ್ರ ಮಾರು. ಎದೆ ಉಬ್ಬಿಸಿ ಎರಡೂ ಕೈ ಚಾಚಿದರೆ ಈ ಬೆರಳಿಂದ ಆ ಬೆರಳಿಗೆ ಒಂದು ಮಾರು. ಊರಿನ ಪಟಗಾರರೆಲ್ಲ ಅಪ್ಪನ ಕೈ ಅಳತೆಯ ದಾರದಲ್ಲೇ ಆಕಾಶ ನೋಡಿದವರು.

ಅಪ್ಪ ಹೋಗಿ ಮೂರು ತಿಂಗಳಾಗಿತ್ತು. ದಾರ ಅದೇ, ಅಂಗಡಿ ಅದೇ, ಆದರೆ ಅಳತೆ ಮಾತ್ರ ಯಾರಿಗೂ ಹಿಡಿಸುತ್ತಿರಲಿಲ್ಲ.

ಎಲ್ಲರಿಗಿಂತ ಜೋರು ತಕರಾರು ಬಾಲಂಗೋಚಿಯವರದು. ಅಂಗೈ ಅಗಲದ ಪಟಕ್ಕೂ ಬೀದಿ ಉದ್ದದ ಬಾಲಂಗೋಚಿ ಕಟ್ಟುವ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಅವರು, ಅದಕ್ಕೇ ಆ ಹೆಸರು. ಒಂದು ಬೆಳಿಗ್ಗೆ ಬಂದವರೇ ದಾರದ ಉಂಡೆಯನ್ನು ಗಲ್ಲಾಪೆಟ್ಟಿಗೆ ಮೇಲೆ ಕುಕ್ಕಿದರು.

"ಇದು ನಿಮ್ಮಪ್ಪನ ಮಾರಲ್ಲ ಕಣಯ್ಯ. ಅವರು ಅಳೆದುಕೊಟ್ಟ ದಾರಕ್ಕೆ ನನ್ನ ಪಟ ನೀರಿನ ಟ್ಯಾಂಕು ದಾಟಿ ಹೋಗ್ತಿತ್ತು. ನಿನ್ನ ದಾರಕ್ಕೆ ಟ್ಯಾಂಕಿನ ಈಚೆಗೇ ನಿಂತು ಒದ್ದಾಡ್ತದೆ."

"ಗಾಳಿ ಕಮ್ಮಿ ಇತ್ತೇನೋ ಸಾರ್."

"ಗಾಳಿ ಅಲ್ಲಯ್ಯ, ಕೈ ಕಮ್ಮಿ!" ಅಂದವರು, ಹುಡುಗನ ಮುಖ ಸಪ್ಪಗಾದದ್ದು ನೋಡಿ ದನಿ ಇಳಿಸಿದರು. (ಹುಡುಗ ಅಂದರೆ ನಮ್ಮ ಯಜಮಾನನೇ. ತಲೆ ಅರ್ಧ ನೆರೆತಿದೆ, ಆದರೂ ಮೇಷ್ಟ್ರಿಗೆ ಹುಡುಗನೇ.) "ಹೋಗ್ಲಿ ಬಿಡು, ನಿನ್ನ ತಪ್ಪಲ್ಲ. ಆ ಕೈ ಅವರ ಜೊತೆಗೇ ಹೋಯ್ತು."

ಬೈದಿದ್ದರೆ ಯಜಮಾನ ತಡೆದುಕೊಳ್ಳುತ್ತಿದ್ದ. ಈ ಸಮಾಧಾನದ ಮಾತು ಮಾತ್ರ ನೆಟ್ಟಗೆ ಎದೆಗೇ ನಾಟಿತು. ಅಪ್ಪ ಬಿಟ್ಟುಹೋದದ್ದು ಅಂಗಡಿ ಅಲ್ಲ, ಆ ಅಳತೆ. ಅದೊಂದನ್ನೂ ಉಳಿಸಿಕೊಳ್ಳೋಕೆ ಆಗದವನು ಎಂಥ ಮಗ ಅಂತ ಅವನಿಗೆ ಅನ್ನಿಸಿಬಿಟ್ಟಿತು. ಅವತ್ತು ಸಂಜೆಯೇ ಬಚ್ಚಲಮನೆ ಬಾಗಿಲ ಚೌಕಟ್ಟಿಗೆ ಜೋತುಬಿದ್ದು ಹಸ್ತವರ್ಧನ ಮಹಾಯೋಗ ಶುರುಮಾಡಿದ. ಮೂರನೇ ದಿನ ಚೌಕಟ್ಟೇ ಗಾರೆ ಸಮೇತ ಕೈಗೆ ಬಂತು.

"ಕೈ ಬೆಳೀತಾ?" ಅಂತ ಹೆಂಡತಿ ಪೊರಕೆ ಹಿಡಿದುಕೊಂಡೇ ಕೇಳಿದಳು.

"ನಿನಗೇನೇ ಗೊತ್ತು ನನ್ನ ಸಂಕಟ?"

"ಗೊತ್ತು ಕಣ್ರೀ. ಗಾರೆ ಗುಡಿಸ್ತಿರೋಳು ನಾನೇ ಅಲ್ವಾ?"

ಮನೆಯಲ್ಲಿ ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಅಪ್ಪ ಹೋದ ಮೇಲೆ ಅಮ್ಮ ಒಂದು ಹನಿ ಅತ್ತಿರಲಿಲ್ಲ. ಅಳುವುದಿರಲಿ, ಜಗಳವನ್ನೂ ಆಡುತ್ತಿರಲಿಲ್ಲ. ಒಂದು ಕಾಲಕ್ಕೆ ಆ ಮನೆಯ ಗಡಿಯಾರವೇ ಅಮ್ಮನ ಜಗಳ. ಅಪ್ಪನಿಗೆ ಮಂಡಿವರೆಗಿನ ಕಂದು ಬಣ್ಣದ ಅಂಗಡಿ ಕೋಟೊಂದಿತ್ತು. ಫೈಬರ್‌ಗ್ಲಾಸ್ ಕತ್ತರಿಸುವಾಗ ಏಳುವ ಗಾಜಿನ ಧೂಳು ಅದರ ಎಳೆಎಳೆಯಲ್ಲೂ ಮನೆ ಮಾಡಿತ್ತು. ಆ ಧೂಳು ಮೈಗೆ ತಾಕಿದರೆ ಆಯಿತು, ಕೆರೆದೂ ಕೆರೆದೂ ಸಾಕಾಗಬೇಕು. ಸಂಜೆ ಗೇಟಿನ ಸದ್ದಾಗುತ್ತಲೇ ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದರು, "ರೀ, ಕೋಟು ಹೊರಗೆ ಬಿಚ್ಚಿಟ್ಟು ಬನ್ನಿ!" ಅಪ್ಪ "ಆಯ್ತು ಆಯ್ತು" ಅನ್ನುತ್ತ ಕೋಟಿನ ಸಮೇತ ಬಂದು ಅಮ್ಮನ ಪಕ್ಕದಲ್ಲೇ ಕೂರುತ್ತಿದ್ದರು. ಆಮೇಲೆ ಮನೆಮಂದಿಯೆಲ್ಲ ಕೆರೆದುಕೊಳ್ಳುವುದು, ಅಮ್ಮ ಬೈಯುವುದು. ನಲವತ್ತು ವರ್ಷ ನಡೆದ ಕಾರ್ಯಕ್ರಮ ಇದು.

ಈಗ ಕೋಟು ಅಂಗಡಿಯ ಮೊಳೆಗೆ ನೇತಾಡುತ್ತಿತ್ತು. ಅದನ್ನು ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅಮ್ಮ ಸಂಜೆ "ಬಂದ್ಯಾ?" ಅಂತ ಒಂದು ಮಾತು ಕೇಳಿ ಕೋಣೆಗೆ ಹೋಗಿಬಿಡುತ್ತಿದ್ದರು. ಮನೆ ತಣ್ಣಗಿತ್ತು, ಯಾರಿಗೂ ಕೆರೆತವಿರಲಿಲ್ಲ, ಯಾರಿಗೂ ಚೆನ್ನಾಗಿರಲಿಲ್ಲ.

ಆ ಮೊಳೆಯನ್ನೇ ನೋಡುತ್ತ ಕೂತಿದ್ದಾಗ ಯಜಮಾನನಿಗೆ ಮಿಂಚು ಹೊಡೆದಂತೆ ಉಪಾಯ ಹೊಳೆಯಿತು. ಅಪ್ಪನ ಕೈ ಹೋದರೇನಂತೆ, ಕೋಟಿನ ತೋಳು ಇದೆಯಲ್ಲ! ಈ ತೋಳ ತುದಿಯಿಂದ ಆ ತೋಳ ತುದಿಗೆ ಅಳೆದು, ಎರಡು ಅಂಗೈ ಸೇರಿಸಿ, ಅಷ್ಟುದ್ದಕ್ಕೆ ಒಂದು ಫೈಬರ್‌ಗ್ಲಾಸ್ ಕಡ್ಡಿ ಕತ್ತರಿಸಿಟ್ಟರೆ? ಆಚಂದ್ರಾರ್ಕ ನಿಲ್ಲುವ ಪಿತೃಮಾರುದಂಡ! ಬಾಗಿದರೂ ಮುರಿಯಲ್ಲ, ಗೆದ್ದಲು ಹಿಡಿಯಲ್ಲ.

ಅಂಗಡಿಯಲ್ಲೇ ಅಳೆಯೋಣ ಅಂದರೆ ಗಿರಾಕಿಗಳ ಕಣ್ಣು. ಕೋಟನ್ನು ಮೆಲ್ಲಗೆ ಇಳಿಸಿ, ಚೀಲದೊಳಗೆ ಮಡಚಿಟ್ಟು, ಕಳ್ಳನ ಹಾಗೆ ಹಿತ್ತಲ ಬಾಗಿಲಿಂದ ಮನೆಗೆ ತಂದ. ಅಮ್ಮನ ಕಣ್ಣಿಗೆ ಬೀಳಬಾರದು ಅಂತ ಬಚ್ಚಲಮನೆಯ ಬುಟ್ಟಿಯಲ್ಲಿ ಟವೆಲ್ ಮುಚ್ಚಿ ಇಟ್ಟು, ಟೇಪು ಹುಡುಕಲು ಹೋದ. ಟೇಪು ಸಿಗಲಿಲ್ಲ. ಟೇಪು ಹುಡುಕುವಾಗ ಫೋನು ಬಂತು, ದೋಣಿ ರಿಪೇರಿಯವನದು. ಅವನ ದೋಣಿಯ ಕಥೆ ಮುಗಿಯುವ ಹೊತ್ತಿಗೆ ಬಚ್ಚಲಮನೆಯಿಂದ ಗುಡುಗುಡು ಸದ್ದು ಕೇಳಿಸಿತು.

ಯಜಮಾನ ಫೋನು ಬಿಸಾಕಿದ. ಓಡಿದ. ವಾಷಿಂಗ್ ಮೆಷಿನ್ನಿನ ಗಾಜಿನ ಕಿಟಕಿಯಲ್ಲಿ ಕಂದು ಬಣ್ಣದ ತೋಳೊಂದು ಮೇಲೆ ಬಂತು, ಟಾಟಾ ಮಾಡಿದ ಹಾಗೆ ಬೀಸಿತು, ಕೆಳಗೆ ಹೋಯಿತು.

"ಏನೇ ಮಾಡಿದೆ ನೀನು!"

"ಬುಟ್ಟಿಲಿದ್ದದ್ದನ್ನೆಲ್ಲ ಹಾಕಿದೆ. ಇನ್ನೇನು, ಕೂರಿಸಿ ಮಾತಾಡಿಸ್ಬೇಕಿತ್ತಾ?"

"ಅದು ಅಪ್ಪನ ಕೋಟು ಕಣೇ!"

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಒಳಗಿದ್ದದ್ದು ಕೋಟೊಂದೇ ಅಲ್ಲ. ಮನೆಮಂದಿಯ ಹೊದಿಕೆಗಳು, ಮಗಳ ಶಾಲೆ ಬಟ್ಟೆ, ಅಮ್ಮನ ದಿಂಬಿನ ಕವರು, ಯಜಮಾನನ ಒಳಬಟ್ಟೆಗಳ ಸಮಸ್ತ ಪರಿವಾರ. ನಲವತ್ತು ವರ್ಷದ ಗಾಜಿನ ಧೂಳು ಸೋಪಿನ ನೀರಲ್ಲಿ ಎಲ್ಲರಿಗೂ ಸಮಪಾಲಾಗಿ ಹಂಚಿಹೋಗುತ್ತಿತ್ತು. ಅದು ಆ ಕ್ಷಣ ಇಬ್ಬರಿಗೂ ಹೊಳೆಯಲಿಲ್ಲ. ಅಮ್ಮನಿಗೆ ಗೊತ್ತಾದರೆ ಅನ್ನೋ ಭಯವೊಂದೇ. ಒಣಗಿದ ಕೋಟನ್ನು ಬೀರುವಿನ ಹಿಂದೆ ಬಚ್ಚಿಟ್ಟರು.

ಮಾರನೇ ಬೆಳಿಗ್ಗೆ ಮೊದಲು ಕೆರೆದುಕೊಂಡದ್ದು ಯಜಮಾನ. ಎಲ್ಲಿ ಅಂತ ಕೇಳಬೇಡಿ, ಮರ್ಯಾದಸ್ಥರ ಮನೆ. ಹೆಂಡತಿ ಒಂದು ಕೈಯಲ್ಲಿ ಹಾಲು ಕಾಯಿಸುತ್ತ ಇನ್ನೊಂದು ಕೈಯಲ್ಲಿ ಕತ್ತು ಕೆರೆಯುತ್ತಿದ್ದಳು. ಮಗಳು ಗೋಡೆಗೆ ಬೆನ್ನು ಉಜ್ಜುತ್ತ "ಅಪ್ಪಾ, ಇವತ್ತು ಶಾಲೆಗೆ ರಜ ಅಲ್ವಾ?" ಅಂದಳು.

ಅಷ್ಟರಲ್ಲಿ ಕೋಣೆ ಬಾಗಿಲು ತೆರೆಯಿತು. ಅಮ್ಮ ಹೊರಗೆ ಬಂದರು, ಕೆನ್ನೆ ಕೆರೆದುಕೊಳ್ಳುತ್ತ. ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಅವರ ಕೋಟು ಮನೆಗೆ ಬಂದಿದೆ" ಅಂದರು.

ಸುಳ್ಳು ಹೇಳಲು ಯಜಮಾನ ಬಾಯಿ ತೆರೆದ, ಆದರೆ ಎರಡೂ ಕೈ ಕೆರೆತದಲ್ಲಿ ಸಿಕ್ಕಿಬಿದ್ದವನಿಗೆ ಸುಳ್ಳು ಹೇಳೋದು ಸುಲಭ ಅಲ್ಲ. ಬೀರುವಿನ ಹಿಂದಿಂದ ಕೋಟು ತಂದು ಕೊಟ್ಟು, ತಲೆ ತಗ್ಗಿಸಿ ನಿಂತ. ಅಮ್ಮ ಅದರಲ್ಲಿ ಮುಖ ಇಟ್ಟರು.

"ಸೋಪಿನ ವಾಸನೆ ಬರ್ತಿದೆ. ಒಗೆದುಬಿಟ್ರಾ?"

"ನನ್ನದೇ ತಪ್ಪು ಅತ್ತೆ" ಅಂದಳು ಸೊಸೆ. ಅವಳ ಕಣ್ಣಲ್ಲಿ ಆಗಲೇ ನೀರು.

"ನಲವತ್ತು ವರ್ಷ ಬಡ್ಕೊಂಡೆ ಕಣಮ್ಮ, ಒಂದು ಸಲ ಒಗೀತೀನಿ ಕೊಡಿ ಅಂತ. ಕೊಡ್ಲಿಲ್ಲ ಪುಣ್ಯಾತ್ಮ. ನೀನು ಒಂದೇ ದಿನದಲ್ಲಿ ಗೆದ್ದೆ." ಅಮ್ಮ ನಕ್ಕರು. ನಗುತ್ತ ಕತ್ತು ಕೆರೆದರು, ಕೆರೆಯುತ್ತ ಅಲ್ಲೇ ನೆಲಕ್ಕೆ ಕುಸಿದು ಕೂತರು. "ಮೂರು ತಿಂಗಳಾಯ್ತು ಕಣೋ, ಈ ಹಾಳು ಕೆರೆತ ಇಲ್ಲದೆ ನನಗೆ ನಿದ್ದೆನೇ ಬಂದಿಲ್ಲ" ಅಂದವರೇ ಕೋಟನ್ನು ಅವುಚಿಕೊಂಡು ಗೊಳೋ ಅಂತ ಅತ್ತುಬಿಟ್ಟರು. ಎಲ್ಲರೂ ಅತ್ತರು. ನಡುನಡುವೆ ಕೆರೆದುಕೊಂಡರು. ನೋಡಿದವರಿಗೆ ನಗು ಬರುತ್ತಿತ್ತೇನೋ, ಆದರೆ ಆ ಮನೆಯಲ್ಲಿ ಅವತ್ತು ಯಾರೂ ಯಾರನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ.

ಅಳು ಒಂದು ಹದಕ್ಕೆ ಬಂದ ಮೇಲೆ ಅಮ್ಮ ಕೇಳಿದರು, "ಯಾಕೋ ತಂದೆ ಇದನ್ನ?"

"ಅಪ್ಪನ ಮಾರು ಅಳೆಯೋಕೆ. ನನ್ನ ಕೈ ಗಿಡ್ಡ ಅಂತಾರಮ್ಮ ಎಲ್ಲರೂ."

"ಹಾಕ್ಕೊ ನೋಡೋಣ."

ಹಾಕಿಕೊಂಡ. ತೋಳಿನಾಚೆ ಮಣಿಕಟ್ಟು ಪೂರ್ತಿ ಕಾಣುತ್ತಿತ್ತು. "ಅಯ್ಯೋ, ಒಗೆದು ಕುಗ್ಗಿಹೋಗಿದೆ!" ಅಂತ ಹೆಂಡತಿ ಹಣೆ ಚಚ್ಚಿಕೊಂಡಳು.

"ಏನೂ ಕುಗ್ಗಿಲ್ಲ. ಅವರಿಗೆ ಉದ್ದ ಆಗುತ್ತೆ ಅಂತ ತೋಳು ಒಳಗೆ ಮಡಚಿ ಹೊಲಿದಿದ್ದು ನಾನೇ, ನೋಡು ಹೊಲಿಗೆ" ಅಂದರು ಅಮ್ಮ. "ನಿಮ್ಮಪ್ಪನ ಕೈ ನಿನ್ನ ಕೈಗಿಂತ ಗಿಡ್ಡ ಕಣೋ."

ಯಜಮಾನ ಮಂಕಾಗಿ ನಿಂತ. "ಮತ್ತೆ ಆ ಮಾರು?"

"ಪಕ್ಕದಲ್ಲೇ ಕೂತು ದಾರ ಸುತ್ತಿದೋಳು ನಾನು, ನನಗೆ ಗೊತ್ತಿಲ್ವಾ? ಅಳೀತಾ ಅಳೀತಾ, 'ಮೊನ್ನೆ ಪಟ ಎಷ್ಟು ದೂರ ಹೋಯ್ತು?' ಅಂತ ಗಿರಾಕೀನ ಕೇಳೋರು. ಅವನು ಹೇಳೋಕೆ ಶುರುಮಾಡ್ದಾಗ ಬೆರಳು ಸಡಿಲ ಬಿಡೋರು. ಒಂದೊಂದು ಮಾರಿಗೂ ಒಂದೊಂದು ಗೇಣು ಜಾರಿ ಆ ಕಡೆ ಹೋಗ್ತಿತ್ತು. ಯಾಕ್ರೀ ಹೀಗೆ ಅಂತ ಅದಕ್ಕೂ ಜಗಳ ಆಡಿದೀನಿ. 'ಮೇಲೆ ಹೊರಟದ್ದು ದಾರ ಸಾಲದೆ ಅರ್ಧದಲ್ಲಿ ನಿಲ್ಲಬಾರದು ಕಣೇ' ಅನ್ನೋರು." ಅಮ್ಮ ಕೋಟಿನ ಗುಂಡಿ ಹಾಕುತ್ತ ಮೂಗೊರೆಸಿಕೊಂಡರು. "ನನ್ನ ಮಾತ್ರ ಅರ್ಧದಲ್ಲಿ ನಿಲ್ಲಿಸಿ ಹೋದ್ರು. ನಿನ್ನ ಕೈ ಗಿಡ್ಡ ಅಲ್ಲ ಮಗನೇ. ನೀನು ದಾರಾನ ಬಿಗಿಯಾಗಿ ಹಿಡ್ಕೊತೀಯ, ಅಷ್ಟೇ."

ಬಚ್ಚಲಮನೆಯ ಚೌಕಟ್ಟು ಕಿತ್ತು ಬಂದದ್ದು ದಂಡ, ಪಿತೃಮಾರುದಂಡವೂ ದಂಡ. ಹೆಂಡತಿ ಅವನ ಕಡೆ ನೋಡಿದ ನೋಟದಲ್ಲಿ ಗಾರೆ ಗುಡಿಸಿದ ನೆನಪಿತ್ತು.

ಅವತ್ತು ಯಜಮಾನ ಅಪ್ಪನ ಕೋಟಲ್ಲೇ ಅಂಗಡಿಗೆ ಹೋದ. ಬಾಲಂಗೋಚಿಯವರು ಅಳತೆಪಟ್ಟಿ ಜೇಬಲ್ಲಿಟ್ಟುಕೊಂಡೇ ಬಂದಿದ್ದರು. ಯಜಮಾನ ಕೈ ಚಾಚಿ, "ಮೊನ್ನೆ ಪಟ ಎಲ್ಲಿ ಸಿಕ್ಕಿಹಾಕ್ಕೊಳ್ತು ಸಾರ್?" ಅಂತ ಕೇಳಿದ. ಮೇಷ್ಟ್ರು ಹೇಳುತ್ತ ಹೋದರು, ಬೆರಳು ಸಡಿಲವಾಗುತ್ತ ಹೋಯಿತು. ಉಂಡೆ ಕೈಗೆ ಬಂದಾಗ ಮೇಷ್ಟ್ರು ಅದನ್ನು ಅಂಗೈಯಲ್ಲಿ ತೂಗಿ ನೋಡಿದರು, ಕೋಟನ್ನು ನೋಡಿದರು, ಅಳತೆಪಟ್ಟಿ ಹೊರಗೆ ತೆಗೆಯಲೇ ಇಲ್ಲ. "ಬರ್ತೀನಪ್ಪ" ಅಂತ ಹೊರಟರು.

ಮಧ್ಯಾಹ್ನವೆಲ್ಲ ದೋಣಿಯವನಿಗೆ ಗಾಜಿನ ನಾರು ಕತ್ತರಿಸಿಕೊಟ್ಟು, ಸಂಜೆ ಯಜಮಾನ ಮನೆ ಗೇಟು ತೆರೆದ. ಗೇಟಿನ ಸದ್ದಾಗುತ್ತಲೇ ಅಡುಗೆಮನೆಯಿಂದ ಕೂಗು ಬಂತು.

"ರೀ, ಕೋಟು ಹೊರಗೆ ಬಿಚ್ಚಿಟ್ಟು ಬನ್ನಿ!"

ಹೆಂಡತಿಯ ದನಿ ಅಲ್ಲ. ಅಮ್ಮನದು. ಬಾಯಿ ತಪ್ಪಿ ಬಂದಿತ್ತು. ಯಜಮಾನನ ಕಾಲು ಹೊಸ್ತಿಲಲ್ಲೇ ನಿಂತುಹೋಯಿತು. ಬಿಚ್ಚಲೋ ಬೇಡವೋ ತಿಳಿಯಲಿಲ್ಲ. ಕೊನೆಗೆ "ಆಯ್ತು ಆಯ್ತು" ಅನ್ನುತ್ತ, ಕೋಟಿನ ಸಮೇತ ಒಳಗೆ ಬಂದು, ಅಮ್ಮನ ಪಕ್ಕದಲ್ಲಿ ಕೂತ.

ಸ್ವಲ್ಪ ಹೊತ್ತಿಗೆ ಅಮ್ಮ ಮೊಣಕೈ ಕೆರೆದುಕೊಂಡರು.

"ರೀ! ಈಗಷ್ಟೇ ಹೊದಿಕೆಗಳನ್ನೆಲ್ಲ ಎರಡನೇ ಸಲ ಒಗೆದು ಹಾಕಿದೀನಿ!" ಅಂತ ಹೆಂಡತಿ ಒಲೆ ಬಿಟ್ಟು ಸೌಟು ಹಿಡಿದು ಬಂದಳು. "ಕೋಟು ಹೊರಗೆ ಬಿಚ್ಚಿಟ್ಟು ಬನ್ನಿ ಅಂದ್ರೆ ಕಿವಿ ಕೇಳ್ಸಲ್ವಾ ನಿಮಗೆ? ದಿನಾ ಹೇಳ್ಬೇಕಾ ನಾನು?"

ಅಮ್ಮ ಸೊಸೆಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

"ದಿನಾ ಹೇಳಮ್ಮ. ಕೇಳಲ್ಲ ಇವರು. ಆದ್ರೂ ದಿನಾ ಹೇಳು."